ಅವ್ವಾ, ಗುಳಿಗೆ ಸಾಕು, ರಾಯಚೂರಿಗೆ ಹೋಗು

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ಅವ್ವಗೆ,

ನಮಸ್ಕಾರ. ನಾವಿಲ್ಲಿ ಆರಾಮ ಇದ್ದೇವೆ. ನೀನು ಆರಾಮ ಇಲ್ಲ ಅನ್ನೋದು ತಂಗಿ ಹೇಳಿ ಗೊತ್ತಾಯಿತು. ವಸಡು ಬಾತು ಗಲ್ಲ ಊದಿತ್ತಂತೆ, ರೊಟ್ಟಿ ಬಿಟ್ಟು ಬರೀ ಗಂಜಿ ಕುಡಿದೆಯಂತೆ. ನನ್ನ ಹತ್ತಿರ ಮಾತ್ರ "ಏನಿಲ್ಲ, ಎಲ್ಲಾ ಚಲೋ ಅದೀವಿ" ಅಂದೆ. ಫೋನಿನಲ್ಲಿ ಈ ಮಾತು ತೆಗೆದರೆ ಮಳೆ, ಭತ್ತದ ರೇಟು ಅಂತ ಬೇರೆ ಕಡೆ ಎಳೆಯುತ್ತೀಯ. ಅದಕ್ಕೇ ಈ ಕಾಗದ. ಅಪ್ಪನೂ ಓದಲಿ, ಅವರಿಗೂ ಒಂದು ಸಂಗತಿ ಇದೆ.

ಮೆಡಿಕಲ್‌ನವನು ಕೊಟ್ಟ ಗುಳಿಗೆ ನುಂಗಿದೆ, ಬಾವು ಇಳಿಯಿತು, ಮುಗಿಯಿತು ಅಂದುಕೊಂಡಿದ್ದೀಯ. ಹೋದ ದೀಪಾವಳಿಗೂ ಹೀಗೇ ಆಗಿತ್ತು ಅಲ್ವಾ? ಅದೇ ಜಾಗ, ಅದೇ ಹಲ್ಲು. ಇಳಿದದ್ದು ಬಾವು. ಅದನ್ನು ಎಬ್ಬಿಸಿದ್ದು ಒಳಗೇ ಇದೆ.

ನಾನು ಡಾಕ್ಟರ್ ಅಲ್ಲ, ಹಲ್ಲಿನ ಡಾಕ್ಟರ ಪಕ್ಕ ನಿಂತು ಸಾಮಾನು ಕೊಡುವವಳು. ಆದರೆ ದಿನಾ ಬೆಳಗಾದರೆ ನೋಡೋದು ಇಂಥ ವಸಡುಗಳನ್ನೇ. ಹಲ್ಲೂ ವಸಡೂ ಸೇರುವ ಅಂಚಿನಲ್ಲಿ ಮೆತ್ತಗಿನ ಅಂಟು ಪದರ ಕೂರುತ್ತದೆ. ಅದರ ತುಂಬ ಬ್ಯಾಕ್ಟೀರಿಯಾ. ಸರಿಯಾಗಿ ಉಜ್ಜಿದರೆ ಹೋಗುತ್ತದೆ. ಬಿಟ್ಟರೆ ಎಂಜಲಿನಲ್ಲಿರುವ ಸುಣ್ಣದ ಅಂಶ ಸೇರಿಕೊಂಡು ಗಟ್ಟಿಯಾಗುತ್ತದೆ, ನಮ್ಮ ಬೋರ್ ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪದರ ಕೂರುವ ಹಾಗೆ. ಆಮೇಲೆ ಅದು ಬ್ರಷ್ಷಿಗೂ ಬಗ್ಗುವುದಿಲ್ಲ, ಬೇವಿನ ಕಡ್ಡಿಗೂ ಬಗ್ಗುವುದಿಲ್ಲ. ವಸಡು ಕೆಂಪಾಗುತ್ತದೆ, ಉಬ್ಬುತ್ತದೆ, ಉಜ್ಜಿದರೆ ರಕ್ತ ಬರುತ್ತದೆ. ರಕ್ತ ಬಂತು ಅಂತ ಆ ಕಡೆ ಉಜ್ಜೋದನ್ನೇ ಬಿಡುತ್ತಾರೆ. ಅಲ್ಲಿ ಇನ್ನೂ ಜಾಸ್ತಿ ಕೂರುತ್ತದೆ.

ಈ ಹಂತದಲ್ಲಿ ನೋವು ಅಷ್ಟಾಗಿ ಇರುವುದಿಲ್ಲ. ಆಗಲೇ ಕ್ಲೀನ್ ಮಾಡಿಸಿ, ಆಮೇಲೆ ಚೆನ್ನಾಗಿ ಉಜ್ಜಿದರೆ ವಸಡು ಮೊದಲಿನ ಹಾಗೆ ಆಗುತ್ತದೆ. ಬಿಟ್ಟರೆ ವಸಡು ಹಲ್ಲಿನಿಂದ ಬಿಡಿಸಿಕೊಂಡು ನಡುವೆ ಸಂದಿ ಬೀಳುತ್ತದೆ. ಇಲ್ಲಿ ತೆಳ್ಳಗಿನ ಅಳತೆ ಕಡ್ಡಿ ಇಳಿಸಿ ನೋಡುತ್ತಾರೆ. 3 ಮಿಲಿಮೀಟರ್ ತನಕ ಚಿಂತೆ ಇಲ್ಲ. 5, 6 ಅಂತ ಹೋದರೆ ಹಲ್ಲು ಹಿಡಿದ ಮೂಳೆ ಕರಗುತ್ತಿದೆಯಾ ಅಂತ ಎಕ್ಸ್‌ರೇ ತೆಗೆಯುತ್ತಾರೆ. ಕರಗಿದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಆ ಸಂದಿಯಲ್ಲಿ ಕೀವು ಸಿಕ್ಕಿಕೊಂಡಾಗ ಒಂದೇ ರಾತ್ರಿಗೆ ಬಾವು ಬರಬಹುದು. ಹುಳುಕು ಹಲ್ಲಿನ ಬೇರಿನಿಂದಲೂ ಬರಬಹುದು. ನಿನ್ನದು ಯಾವುದು ಅಂತ ಮೆಡಿಕಲ್‌ನವನಿಗೆ ಹೇಗೆ ಗೊತ್ತಾಗಬೇಕು?

ಇಲ್ಲಿ ಹಲ್ಲಿನ ಬಾವಿಗೆ ಡಾಕ್ಟರ ಚೀಟಿ ಇಲ್ಲದೆ ಆಂಟಿಬಯಾಟಿಕ್ ಸಿಗುವುದಿಲ್ಲ. ಡಾಕ್ಟರೂ ಸುಮ್ನೆ ಬರೆದುಕೊಡುವುದಿಲ್ಲ. ಮೊದಲು ಕೀವಿಗೆ ಹೊರಗೆ ದಾರಿ ಮಾಡುತ್ತಾರೆ. ಜ್ವರ ಇದ್ದರೆ, ಬಾವು ಹರಡುತ್ತಿದ್ದರೆ ಗುಳಿಗೆ ಸೇರಿಸುತ್ತಾರೆ. ಇನ್ನು ಆ ನೋವಿನ ಗುಳಿಗೆ, ಡೈಕ್ಲೋಫೆನಾಕ್. ಶುಗರ್ ಇದ್ದವರು ಅದನ್ನು ಮೇಲಿಂದ ಮೇಲೆ ನುಂಗಿದರೆ ಕಿಡ್ನಿಗೆ ಪೆಟ್ಟು. ನಿನಗೆ ಶುಗರ್ ಇದೆಯಾ ಅಂತ ಮೆಡಿಕಲ್‌ನವನು ಕೇಳಿದನಾ?

ಶುಗರ್ ಜಾಸ್ತಿ ಇದ್ದರೆ ವಸಡಿನ ಸೋಂಕು ಬೇಗ ಹಿಡಿಯುತ್ತದೆ, ನಿಧಾನಕ್ಕೆ ಬಿಡುತ್ತದೆ. ವಸಡಿನಲ್ಲಿ ಸೋಂಕು ಇದ್ದರೆ ಶುಗರ್ ಹತೋಟಿಗೆ ಬರೋದೂ ಕಷ್ಟ. ಅನ್ನ ಕಡಿಮೆ ಮಾಡಿದರೂ ಶುಗರ್ ಇಳಿಯುತ್ತಿಲ್ಲ ಅಂತ ಕೊರಗುತ್ತಿದ್ದೆಯಲ್ಲ, ಬಾಯಿಯ ಕಡೆ ಯಾರೂ ನೋಡಲೇ ಇಲ್ಲ.

ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲ ಆಗುತ್ತವೆ ಅನ್ನೋದು ನಿನ್ನ ದೊಡ್ಡ ಹೆದರಿಕೆ, ನನಗೆ ಗೊತ್ತು. ಪಕ್ಕದ ಮನೆಯ ಅತ್ತೆಗೂ ಹಾಗೇ ಆಯಿತು ಅನ್ನುತ್ತೀಯ. ಮೂಳೆ ಮೊದಲೇ ಕರಗಿರುತ್ತದೆ ಅವ್ವಾ. ಗಟ್ಟಿ ಪದರ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಅದು ಹೋದಾಗ ಒಳಗಿನ ಸ್ಥಿತಿ ಬಯಲಿಗೆ ಬರುತ್ತದೆ. ವಸಡಿನ ಊತ ಇಳಿದು ಹಲ್ಲಿನ ಸಂದಿ ಕಾಣುತ್ತದೆ, ಕೆಲವು ದಿನ ತಣ್ಣೀರು ಜುಮ್ ಅನ್ನುತ್ತದೆ. ಅಷ್ಟೇ. ಮಾಡಿಸದೆ ಬಿಟ್ಟರೇ ಹಲ್ಲು ಬೀಳುವುದು. "ವಯಸ್ಸಾಯಿತು, ಇನ್ನೇನು" ಅನ್ನಬೇಡ. ಇಲ್ಲಿ 80 ದಾಟಿದವರು ಸ್ವಂತ ಹಲ್ಲಿನಲ್ಲಿ ಸೇಬು ಕಚ್ಚುತ್ತಾರೆ.

ಈಗ ಅಪ್ಪನ ಮಾತು. ವಿಡಿಯೋದಲ್ಲಿ ನಕ್ಕಾಗ ಮುಂದಿನ ಹಲ್ಲುಗಳ ನಡುವೆ ವಸಡು ದಪ್ಪಗೆ ಬೆಳೆದಂತೆ ಕಂಡಿತು. ಅವರು ಬಿಪಿಗೆ ತಗೊಳ್ಳೋದು ಆಮ್ಲೋಡಿಪಿನ್. ಕೆಲವರಿಗೆ ಆ ಗುಳಿಗೆಯಿಂದ ವಸಡು ಹೀಗೆ ಬೆಳೆಯುತ್ತದೆ, ಬಾಯಿ ಸ್ವಚ್ಛ ಇಲ್ಲದಿದ್ದರೆ ಇನ್ನೂ ಜಾಸ್ತಿ. ಹಾಗಂತ ತಾವೇ ಗುಳಿಗೆ ಬಿಡಬಾರದು, ಬಿಪಿ ಏರಿದರೆ ಗತಿ ಏನು? ಬಿಪಿ ಡಾಕ್ಟರಿಗೆ ವಸಡು ತೋರಿಸಿ, ಬದಲಿಸಬಹುದಾ ಅಂತ ಕೇಳಲಿ. ತಮ್ಮನ ಗುಟ್ಕಾ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಅವನಿಗೆ ಬೇರೆಯೇ ಬೈಗುಳ ಇದೆ.

ಅವ್ವಾ, ರಾಯಚೂರಿಗೆ ಹೋಗಿ ಹಲ್ಲಿನ ಡಾಕ್ಟರಿಗೆ ತೋರಿಸುವ ತನಕ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರ್ನಾಲ್ಕು ಸಲ ಮುಕ್ಕಳಿಸು. ನೋವಾದರೆ ಪ್ಯಾರಾಸಿಟಮಾಲ್ ಸಾಕು. ಲವಂಗದ ಎಣ್ಣೆ ಹಾಗೇ ಸುರಿಯಬೇಡ, ವಸಡು ಸುಡುತ್ತದೆ. ಗಲ್ಲಕ್ಕೆ ಬಿಸಿ ಶಾಖ ಬೇಡ. ಸೇಫ್ಟಿ ಪಿನ್ನಿನಿಂದ ಹಲ್ಲಿನ ಸಂದಿ ಕೆದಕೋದು ಇವತ್ತಿಗೇ ನಿಲ್ಲಲಿ. ಮೆತ್ತಗಿನ ಬ್ರಷ್ ತರಿಸು, ರಾತ್ರಿಯೂ ಉಜ್ಜು, ರಕ್ತ ಬಂದರೂ ಹಗೂರಕ್ಕೆ ಉಜ್ಜು. ಜ್ವರ ಬಂದರೆ, ಬಾವು ದವಡೆ ಕೆಳಗೆ ಕುತ್ತಿಗೆಗೆ ಇಳಿದರೆ, ಬಾಯಿ ತೆರೆಯೋದು, ನುಂಗೋದು, ಉಸಿರಾಡೋದು ಕಷ್ಟ ಆದರೆ ಬೆಳಗಾಗಲಿ ಅಂತ ಕಾಯಬೇಡಿ. ಅರ್ಧ ರಾತ್ರಿಯಾದರೂ ದೊಡ್ಡಾಸ್ಪತ್ರೆಗೆ ಹೋಗಬೇಕು. ಅದು ಜೀವಕ್ಕೆ ಅಪಾಯ.

ಇಲ್ಲಿ ಎಲ್ಲಾ ಚಂದ ಅಂತ ತಿಳಿಯಬೇಡ. ಸರ್ಕಾರಿ ದರದ ಹಲ್ಲಿನ ಡಾಕ್ಟರ ಹತ್ತಿರ ಹೊಸಬರಿಗೆ ಜಾಗ ಸಿಗೋದೇ ಕಷ್ಟ. ನಮ್ಮ ಸಿಂಧನೂರಿನಿಂದ ಬಸ್ ಹತ್ತಿದರೆ ರಾಯಚೂರಿನಲ್ಲಿ ನವೋದಯ, ಎ.ಎಂ.ಇ. ಅಂತ ಎರಡು ಡೆಂಟಲ್ ಕಾಲೇಜು ಇವೆ. ವಸಡಿಗೇ ಬೇರೆ ವಿಭಾಗ ಇರುತ್ತದೆ, ಅಲ್ಲೇ ಚೀಟಿ ಮಾಡಿಸು. ಹುಡುಗ ಡಾಕ್ಟರುಗಳು ನೋಡುತ್ತಾರೆ ಅಂತ ಮೂಗು ಮುರಿಯಬೇಡ, ಹಿಂದೆ ದೊಡ್ಡವರು ನಿಂತಿರುತ್ತಾರೆ.

ಬೆಳಗಿನ ಬಸ್ಸಿಗೇ ಹೋಗು. ನಾಷ್ಟಾ ಮಾಡಿ ಶುಗರ್ ಗುಳಿಗೆ ತಗೊಂಡೇ ಹೊರಡು, ಉಪವಾಸ ಹೋಗಬೇಡ. ಶುಗರ್ ರಿಪೋರ್ಟು, ನಿಮ್ಮಿಬ್ಬರ ಗುಳಿಗೆಗಳ ಪಟ್ಟಿ ಚೀಲದಲ್ಲಿ ಇರಲಿ. ಕ್ಲೀನಿಂಗ್ ಒಂದೇ ದಿನಕ್ಕೆ ಮುಗಿಯದೆ ಮತ್ತೆ ಬರಲು ಹೇಳಬಹುದು, ಆಗ "ಆರಾಮ ಆತು" ಅಂತ ತಪ್ಪಿಸಬೇಡ. ದುಡ್ಡು ತಂಗಿಯ ಅಕೌಂಟಿಗೆ ಹಾಕಿದ್ದೇನೆ. ನಿನ್ನ ಕೈಗೆ ಕೊಟ್ಟರೆ ಅದು ಗೊಬ್ಬರದ ಅಂಗಡಿಗೆ ಹೋಗುತ್ತದೆ.

ಇಂತಿ ನಿನ್ನ ಮಗಳು