ಮಗಳಿಗೊಂದು ಪತ್ರ: ಮೊದಲು ಮುಂದಿನ ಟೈರ್

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ದಪ್ಪ ಟೈರಿನ ಸೈಕಲ್ ಫೋಟೋ ನೋಡಿದೆ. ಚೆನ್ನಾಗಿದೆ. ಆದರೆ ಅದನ್ನು ತಗೋಬೇಡ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಂಗಡಿಗೆ ಹೋಗುವ ಮೊದಲು ಇನ್ನೊಂದು ಸಲ ಓದಿಕೊ.

ಆ ಫ್ಯಾಟ್ ಬೈಕ್ ಇರುವುದು ಯಾರೂ ಗುಡಿಸದ, ಮೆತ್ತಗಿನ ಹಿಮದ ಮೇಲೆ ಓಡಿಸುವುದಕ್ಕೆ. ನಾವಿದ್ದ ಅಮೆರಿಕದ ಮಿನೆಸೋಟದಲ್ಲೇ ಸರ್ಲಿ ಕಂಪನಿಯವರು 2005ರಲ್ಲಿ ಪಗ್ಸ್ಲಿ ಅನ್ನೋ ಸೈಕಲ್ ತಂದ ಮೇಲೆ ಅದು ಅಂಗಡಿ ಅಂಗಡಿಗೆ ಹಬ್ಬಿತು. ಕಾಡಿನ ದಾರಿಗೆ ಒಳ್ಳೇದು. ನೀನಿರುವ ಫಿನ್‌ಲೆಂಡಿನ ಔಲು ಬೇರೆ ಥರದ ಊರು. ಚಳಿಗಾಲದ ಸೈಕಲ್ ಸವಾರಿಯ ಮೊದಲ ಅಂತರರಾಷ್ಟ್ರೀಯ ಸಮಾವೇಶ 2013ರಲ್ಲಿ ನಡೆದದ್ದೇ ಅಲ್ಲಿ. ಅಲ್ಲಿ ಸೈಕಲ್ ದಾರಿಯ ಹಿಮವನ್ನು ಮೇಲಿಂದ ಮೇಲೆ ತೆಗೆದು, ತಳದಲ್ಲಿ ಗಟ್ಟಿಯಾಗಿ ಕೂತ ಪದರವನ್ನು ಹಾಗೇ ಬಿಟ್ಟು, ಅದರ ಮೇಲೆ ಸಣ್ಣ ಕಲ್ಲುಪುಡಿ ಹಾಕುತ್ತಾರೆ. ಅಂಥ ದಾರಿಗೆ ದಪ್ಪ ಟೈರ್ ಬೇಕಿಲ್ಲ, ತುಳಿಯುವುದಕ್ಕೆ ಭಾರ ಅಷ್ಟೇ. ಅಲ್ಲಿನ ಶಾಲೆ ಮಕ್ಕಳು ಮಾಮೂಲಿ ಸೈಕಲ್ಲಿನಲ್ಲೇ ಹೋಗುತ್ತಾರೆ, ನೀನೇ ನೋಡಿರ್ತೀಯ ಅಲ್ವಾ.

ನಿನಗೆ ಬೇಕಿರುವುದು ಸ್ಟಡ್ ಇರುವ ಟೈರ್. ರಬ್ಬರಿನಲ್ಲಿ ಸಣ್ಣ ಸಣ್ಣ ಲೋಹದ ಮೊಳೆ ಕೂರಿಸಿರುತ್ತಾರೆ, ಅವು ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತವೆ. ಇದೊಂದರಲ್ಲಿ ಮಾತ್ರ ದುಡ್ಡು ಉಳಿಸಬೇಡ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಮಿನೆಸೋಟದ ಮಿನಿಯಾಪೊಲಿಸ್‌ನಲ್ಲಿ ನನ್ನ ಮೊದಲ ಚಳಿಗಾಲ, ನವೆಂಬರ್ ತಿಂಗಳು, ಇನ್ನೂ ಸರಿಯಾಗಿ ಹಿಮವೇ ಬಿದ್ದಿರಲಿಲ್ಲ. ಮಿಡ್‌ಟೌನ್ ಗ್ರೀನ್‌ವೇ ಅನ್ನೋ ಸೈಕಲ್ ದಾರಿಯಲ್ಲಿ ಆಫೀಸಿಗೆ ಹೋಗುತ್ತಿದ್ದೆ. ಅದು ಹಳೇ ರೈಲು ಹಳಿಯ ಜಾಗ, ತಗ್ಗಿನಲ್ಲಿ ಹೋಗುತ್ತದೆ, ಮೇಲೆ ಒಂದರ ಹಿಂದೆ ಒಂದು ಸೇತುವೆ. ಒಂದು ಸೇತುವೆಯ ನೆರಳಿನಲ್ಲಿ ರಸ್ತೆ ಸ್ವಲ್ಪ ಒದ್ದೆ ಇದ್ದ ಹಾಗೆ ಕಾಣಿಸಿತು. ಒದ್ದೆ ಅಲ್ಲ, ಗಾಜಿನಂಥ ಮಂಜುಗಡ್ಡೆ. ಮುಂದಿನ ಚಕ್ರ ಪಕ್ಕಕ್ಕೆ ಹೋದದ್ದು ಗೊತ್ತಾಗುವಷ್ಟರಲ್ಲಿ ನಾನು ನೆಲದ ಮೇಲಿದ್ದೆ. ಎಡಗೈ ಮಣಿಕಟ್ಟು ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್, ಅದರ ಮೇಲೆ ನೀನು ಸ್ಕೆಚ್ ಪೆನ್ನಿನಲ್ಲಿ ಒಂದು ಸೈಕಲ್ ಬರೆದಿದ್ದೆ, ನೆನಪಿದೆಯಾ?

ಹಿಂದಿನ ಚಕ್ರ ಜಾರಿದರೆ ಕಾಲು ಕೊಟ್ಟು ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಬಿದ್ದ ಹಾಗೇ. ಸದ್ಯಕ್ಕೆ ಒಂದೇ ಟೈರ್ ಹಾಕಿಸುವುದಾದರೆ ಅದನ್ನು ಮುಂದಕ್ಕೆ ಹಾಕಿಸು. ಮೊಳೆ ಟಂಗ್‌ಸ್ಟನ್ ಕಾರ್ಬೈಡ್‌ನದೇ ಇರಲಿ, ಬರೀ ಸ್ಟೀಲಿನದು ಡಾಂಬರಿನ ಮೇಲೆ ಬೇಗ ಸವೆಯುತ್ತದೆ. ಕೆಲವು ಟೈರಿನಲ್ಲಿ ನೂರು ಚಿಲ್ಲರೆ ಮೊಳೆ, ಕೆಲವದರಲ್ಲಿ 240ರ ಹತ್ತಿರ. ಜಾಸ್ತಿ ಸಾಲು ಇರುವುದು ತಿರುವಿನಲ್ಲಿ ಹಿಡಿಯುತ್ತದೆ, ನಿನಗೆ ಅದೇ ಇರಲಿ. ನೀನು ತಗೊಳ್ಳುವ ಸೈಕಲ್ಲಿನ ಟೈರಿನ ಪಕ್ಕದಲ್ಲಿ 37-622 ಅಂತಲೋ ಏನೋ ಅಳತೆ ಬರೆದಿರುತ್ತದೆ, ಆ ಅಂಕಿಯ ಫೋಟೋ ಅಂಗಡಿಯಲ್ಲಿ ತೋರಿಸು. ಮಡ್‌ಗಾರ್ಡಿಗೆ ತಾಗುತ್ತದಾ ಅಂತ ಚಕ್ರ ತಿರುಗಿಸಿ ನೋಡು. ಹೊಸ ಟೈರ್ ಹಾಕಿದ ಮೇಲೆ ಮೊದಲ 40 ಕಿಲೋಮೀಟರ್ ಹಿಮವಿಲ್ಲದ ರಸ್ತೆಯಲ್ಲಿ ನಿಧಾನವಾಗಿ ಓಡಿಸು, ಜೋರಾಗಿ ಬ್ರೇಕ್ ಹಿಡಿಯಬೇಡ, ಆಗ ಮೊಳೆಗಳು ರಬ್ಬರಿನಲ್ಲಿ ಗಟ್ಟಿಯಾಗಿ ಕೂರುತ್ತವೆ. ಹಿಮ ಬೀಳುವ ಮೊದಲೇ ಹಾಕಿಸು ಅನ್ನುವುದು ಇದಕ್ಕೇ.

ಇನ್ನೊಂದು ವಿಷಯ. ಮನೆಯೊಳಗೆ 20 ಡಿಗ್ರಿಯಲ್ಲಿ 50 ಪಿಎಸ್‌ಐ ಗಾಳಿ ಹೊಡೆದು ಮೈನಸ್ 20ಕ್ಕೆ ತಗೊಂಡು ಹೋದರೆ ಅದು 41ರ ಹತ್ತಿರಕ್ಕೆ ಇಳಿಯುತ್ತದೆ. ಪಂಕ್ಚರ್ ಅಂತ ಗಾಬರಿಯಾಗಬೇಡ.

ಸೈಕಲ್ ಸೆಕೆಂಡ್ ಹ್ಯಾಂಡ್ ತಗೊ. ಅಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕ್ ಹಿಡಿಯುವ ಸೈಕಲ್ ಬೇಕಾದಷ್ಟು ಸಿಗುತ್ತವೆ, ನನ್ನ ಓಟು ಅದಕ್ಕೇ. ಹಿಂದಿನ ಬ್ರೇಕಿಗೆ ವೈರೇ ಇಲ್ಲ, ವೈರ್ ಇಲ್ಲದ ಮೇಲೆ ಅದರೊಳಗೆ ನೀರು ಹೋಗಿ ಹೆಪ್ಪುಗಟ್ಟುವ ತಾಪತ್ರಯವೂ ಇಲ್ಲ. ಮುಂದೆ ಒಂದು ಕೈಬ್ರೇಕ್ ಇದ್ದರೆ ಸಾಕು. ಗೇರ್ ಕಡಿಮೆ ಇದ್ದಷ್ಟೂ ಒಳ್ಳೇದು. ಗೇರ್ ಸೈಕಲ್ಲೇ ತಗೊಂಡರೆ ಫ್ರೀವೀಲ್ ಒಳಗಿನ ಗಟ್ಟಿ ಗ್ರೀಸ್ ತೆಗೆಸಿ ತೆಳು ಎಣ್ಣೆ ಬಿಡಿಸು. ನನಗೊಮ್ಮೆ ಮೈನಸ್ 30ರ ಸಂಜೆ ಅದರ ಗ್ರೀಸ್ ಅಂಟಾಗಿ ಒಳಗಿನ ಕೊಕ್ಕೆಗಳು ಹಿಡಿಯಲೇ ಇಲ್ಲ, ಪೆಡಲ್ ಸುಮ್ನೆ ಗಿರಗಿರ ತಿರುಗಿತು, ಚಕ್ರ ಮಾತ್ರ ನಿಂತಲ್ಲೇ. ಮೂರು ಕಿಲೋಮೀಟರ್ ತಳ್ಳಿಕೊಂಡು ಬಂದೆ. ಬಾಗಿಲು ತೆಗೆದ ನಿನ್ನಮ್ಮ ನನ್ನ ಮೀಸೆಯ ಮೇಲಿನ ಮಂಜು ನೋಡಿ ಅತ್ತುಬಿಟ್ಟಳು. ಆ ಅಳು ನನಗೆ ಈಗಲೂ ಕೇಳುತ್ತದೆ ಪುಟ್ಟಿ. ಅಷ್ಟು ಚಳಿ ಇದ್ದರೆ ಬಸ್ಸಿನಲ್ಲಿ ಹೋಗು, ದಯವಿಟ್ಟು.

ಸೈಕಲ್ಲನ್ನು ಬೆಚ್ಚಗಿನ ರೂಮಿಗೆ ತರಬೇಡ. ಹಿಮ ಕರಗಿ ನೀರು ಸಂದಿಗೊಂದಿಗೆ ಇಳಿದು, ಬೆಳಿಗ್ಗೆ ಹೊರಗೆ ಒಯ್ದ ತಕ್ಷಣ ಬ್ರೇಕು, ಬೀಗ ಎಲ್ಲ ಹಿಡಿದುಕೊಳ್ಳುತ್ತವೆ. ಬಿಸಿಯಿಲ್ಲದ ಶೆಡ್ಡಿನಲ್ಲೇ ಇರಲಿ. ಲೈಟಿನ ಬ್ಯಾಟರಿ ಮಾತ್ರ ಒಳಗೆ ತಗೊಂಡು ಬಾ, ಚಳಿಗೆ ಅದು ಬೇಗ ಸಾಯುತ್ತದೆ, ಸೊನ್ನೆಗಿಂತ ಕೆಳಗೆ ಚಾರ್ಜ್ ಹಾಕಲೂಬಾರದು. ಡಿಸೆಂಬರ್ ಕೊನೆಯ ಹೊತ್ತಿಗೆ ನಿಮಗೆ ಹಗಲು ಸುಮಾರು ಮೂರೂವರೆ ಗಂಟೆ ಅಷ್ಟೇ, ಮಧ್ಯಾಹ್ನ ಕ್ಲಾಸ್ ಮುಗಿಸಿ ಬರುವಾಗಲೇ ಕತ್ತಲು. ಮುಂದೆ ಬಿಳಿ, ಹಿಂದೆ ಕೆಂಪು ಲೈಟ್, ಜಾಕೆಟ್ಟಿಗೆ ರಿಫ್ಲೆಕ್ಟರ್.

ಟೈರ್ ಆದ ಮೇಲೆ ಕೈ. ಸೈಕಲ್ ತುಳಿದರೆ ಮೈ ಬೆಚ್ಚಗಾಗುತ್ತದೆ, ಕೈ ಆಗುವುದಿಲ್ಲ, ಅದು ಅಲ್ಲಾಡದೆ ಗಾಳಿಗೆ ಒಡ್ಡಿಕೊಂಡು ಕೂತಿರುತ್ತದೆ. ಗಾಳಿಯೇ ಇಲ್ಲದ ದಿನ ಕೂಡ ನೀನು 20 ಕಿಲೋಮೀಟರ್ ವೇಗದಲ್ಲಿ ಹೋದರೆ ಮೈನಸ್ 15 ಅನ್ನುವುದು ಚರ್ಮಕ್ಕೆ ಮೈನಸ್ 24ರ ಹಾಗೆ ತಾಗುತ್ತದೆ. ದುಬಾರಿ ಕೈಗವಸು ಹುಡುಕುವುದಕ್ಕಿಂತ ಹ್ಯಾಂಡಲ್‌ಗೇ ಕಟ್ಟುವ ದೊಡ್ಡ ಚೀಲದಂಥ ಕವರ್ ತಗೊ, ಮಿನೆಸೋಟದಲ್ಲಿ ಅದಕ್ಕೆ ಪೋಗಿ ಅನ್ನುತ್ತಿದ್ದರು. ಅದರೊಳಗೆ ತೆಳು ಕೈಗವಸಿನಲ್ಲೇ ಬೆರಳು ಬೆಚ್ಚಗಿರುತ್ತವೆ, ಬ್ರೇಕೂ ಸರಿಯಾಗಿ ಸಿಗುತ್ತದೆ. ಬೂಟು ಒಂದು ಸೈಜ್ ದೊಡ್ಡದಿರಲಿ. ಬಿಗಿ ಬೂಟಿನಲ್ಲಿ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡದೆ ಬೆರಳು ಇನ್ನೂ ಜಾಸ್ತಿ ತಣ್ಣಗಾಗುತ್ತವೆ.

ಬಟ್ಟೆ ವಿಷಯದಲ್ಲಿ ನಿನ್ನಮ್ಮ ಹೇಳುವ ಹಾಗೆ ಮೇಲಿಂದ ಮೇಲೆ ಹಾಕಿಕೊಳ್ಳಬೇಡ, ಅವಳು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಮನೆಯಿಂದ ಹೊರಟಾಗ ಸ್ವಲ್ಪ ಚಳಿ ಅನಿಸಬೇಕು. ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಮೊದಲೇ ಬೆಚ್ಚಗಿದ್ದರೆ ಬೆವರುತ್ತೀಯ, ಸಿಗ್ನಲ್ಲಿನಲ್ಲಿ ನಿಂತಾಗ ಆ ಬೆವರೇ ಬೆನ್ನಿನ ಮೇಲೆ ಐಸ್ ಇಟ್ಟ ಹಾಗಾಗುತ್ತದೆ. ಒಳಗೆ ತೆಳು ಉಣ್ಣೆ ಬನಿಯನ್, ಹತ್ತಿಯದು ಬೇಡವೇ ಬೇಡ, ಹೊರಗೆ ಗಾಳಿ ತಡೆಯುವ ಜಾಕೆಟ್. ಹೆಲ್ಮೆಟ್ ಒಳಗೆ ತೆಳು ಮಂಕಿ ಕ್ಯಾಪ್. ದಪ್ಪ ಟೋಪಿ ಹಾಕಿದರೆ ಹೆಲ್ಮೆಟ್ ತಲೆ ಮೇಲೆ ಸರಿಯಾಗಿ ಕೂರುವುದಿಲ್ಲ. ಕೆನ್ನೆ, ಮೂಗಿನ ತುದಿ ಬೆಳ್ಳಗಾಗಿ ಸ್ಪರ್ಶ ಗೊತ್ತಾಗದೆ ಹೋದರೆ ಉಜ್ಜಬೇಡ, ತಕ್ಷಣ ಯಾವುದಾದರೂ ಕಟ್ಟಡದ ಒಳಗೆ ಹೋಗಿ ಬೆಚ್ಚಗಿನ ಅಂಗೈ ಇಟ್ಟುಕೊ.

ನೀನು ಜಾಸ್ತಿ ಚಳಿ ಇರುವ ದಿನಕ್ಕೆ ಹೆದರುತ್ತೀಯ. ನನಗೆ ಭಯ ಇರುವುದು ಸೊನ್ನೆ ಆಸುಪಾಸಿನ ದಿನಗಳದ್ದು. ಮೈನಸ್ 15ರಲ್ಲಿ ಹಿಮ ಒಣಗಿ ಗರಗರ ಅನ್ನುತ್ತದೆ, ಟೈರ್ ಚೆನ್ನಾಗಿ ಹಿಡಿಯುತ್ತದೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ, ಮಂಜುಗಡ್ಡೆ ಮೇಲೆ ನೀರು ನಿಂತಿರುವ ಬೆಳಿಗ್ಗೆ ಇದೆಯಲ್ಲ, ಆಗ ತಿರುವಿನಲ್ಲಿ ಬ್ರೇಕ್ ಮುಟ್ಟಬೇಡ, ತಿರುವು ಬರುವ ಮೊದಲೇ ನಿಧಾನ ಮಾಡು. ವಸಂತ ಬಂತು ಅಂತ ಮಾರ್ಚಿನಲ್ಲೇ ಟೈರ್ ಬಿಚ್ಚಿಸಬೇಡ.

ದುಡ್ಡು ಇವತ್ತೇ ಹಾಕಿದ್ದೇನೆ, ಎರಡು ಟೈರ್, ಹ್ಯಾಂಡಲ್ ಕವರ್ ಎರಡಕ್ಕೂ ಆಗುತ್ತದೆ. ಟೈರ್ ಪಕ್ಕದಲ್ಲಿ ತಿರುಗುವ ದಿಕ್ಕಿಗೆ ಒಂದು ಬಾಣದ ಗುರುತು ಇರುತ್ತದೆ. ಹಾಕಿಸಿದ ಮೇಲೆ ಆ ಬಾಣ ಕಾಣುವ ಹಾಗೆ ಒಂದು ಫೋಟೋ ಕಳಿಸು.

ನಿನ್ನ
ಅಪ್ಪ