ವರ್ಷವಿಡೀ ಕಾವ್ಯವಾಚನ ನಡೆಸಲು ದೇಣಿಗೆಗಾಗಿ ಮನವಿ

ಮಾನ್ಯರೇ,

ನಮ್ಮ ಹಿರಿಯರಲ್ಲಿ ಓದು ಬರಹ ಬಾರದವರೂ ಕುಮಾರವ್ಯಾಸನನ್ನು ಬಲ್ಲವರಾಗಿದ್ದರು. ಗುಡಿಯ ಜಗಲಿಯಲ್ಲಿ ಒಬ್ಬರು ಪದ್ಯವನ್ನು ರಾಗವಾಗಿ ಓದಿ, ಇನ್ನೊಬ್ಬರು ಅದರ ಅರ್ಥ ಬಿಡಿಸಿ ಹೇಳುವುದನ್ನು ವರ್ಷಗಟ್ಟಲೆ ಕೇಳಿದ್ದರಿಂದ ಭೀಮನ ಸಿಟ್ಟೂ ಕರ್ಣನ ಸಂಕಟವೂ ಅವರ ದಿನದ ಮಾತಿಗೆ ಒದಗುವಷ್ಟು ಹತ್ತಿರವಾಗಿದ್ದವು. ಮಳೆ ಹಿಂದೆಗೆದ ವರ್ಷ ವಿರಾಟಪರ್ವವನ್ನು ಓದಿಸುವ ರೂಢಿ ನಾಡಿನ ಅನೇಕ ಹಳ್ಳಿಗಳಲ್ಲಿತ್ತು. ಮಳೆ ಬಂತೋ ಇಲ್ಲವೋ, ಊರಿಗೆ ಊರೇ ಒಂದೆಡೆ ಕುಳಿತು ಕಾವ್ಯ ಕೇಳಿದ್ದಂತೂ ನಿಜ. ತನ್ನ ಕೃತಿಯು ಅರಸರಿಗೆ ವೀರ, ಯೋಗಿಗಳಿಗೆ ತತ್ತ್ವವಿಚಾರ, ಮಂತ್ರಿಗಳಿಗೆ ಬುದ್ಧಿಗುಣ, ವಿರಹಿಗಳಿಗೆ ಶೃಂಗಾರ ಎಂದು ಕವಿ ಹೇಳಿಕೊಂಡಿದ್ದಾನೆ. ಆ ಪಟ್ಟಿಯಲ್ಲಿ ಒಕ್ಕಲುಮಕ್ಕಳ ಹೆಸರಿಲ್ಲ. ಆದರೂ ಅವನ ಕಾವ್ಯವನ್ನು ಕಿವಿಯಲ್ಲಿಟ್ಟು ಕಾಪಾಡಿದವರಲ್ಲಿ ಅವರೂ ಸೇರಿದ್ದಾರೆ.

ಹೀಗೆ ಕಾವ್ಯವನ್ನು ರಾಗವಾಗಿ ಓದುವ ಕಲೆಯಾದ ಗಮಕಕ್ಕೆ ಪುಸ್ತಕವೊಂದಿದ್ದರೆ ಸಾಲದು. ಕುಮಾರವ್ಯಾಸ ಬಳಸಿದ ಛಂದಸ್ಸಾದ ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ ಆರು ಸಾಲು, 102 ಮಾತ್ರೆ (ಅಕ್ಷರದ ಉಚ್ಚಾರಕ್ಕೆ ಹಿಡಿಯುವ ಕಾಲದ ಅಳತೆ). ಲೆಕ್ಕ ತಪ್ಪದೆ ಹರಿಯುವ ಈ ಸಾಲುಗಳಲ್ಲಿ ಒಂದು ಸಾಲಿನ ಕೊನೆಗೆ ಆರಂಭವಾದ ಪದ ಮುಂದಿನ ಸಾಲಿನಲ್ಲಿ ಮುಗಿಯುವುದುಂಟು. ಹೊಸಬರು ಸಾಲಿನ ತುದಿಗೆ ನಿಂತುಬಿಡುತ್ತಾರೆ, ಅರ್ಥವೂ ಅಲ್ಲಿಗೇ ಮುರಿಯುತ್ತದೆ. ಪದವನ್ನು ಎಲ್ಲಿ ಬಿಡಿಸಬೇಕು, ಯಾವ ಭಾವಕ್ಕೆ ಯಾವ ರಾಗ ಹೊಂದುತ್ತದೆ, ತಾಳದ ಕಟ್ಟಿಲ್ಲದೆಯೂ ಲಯವನ್ನು ಹೇಗೆ ಉಳಿಸಿಕೊಳ್ಳಬೇಕು, ರಾಗದ ಆಸೆಗೆ ಸಾಹಿತ್ಯ ಮಸುಕಾಗದಂತೆ ದನಿಯನ್ನು ಎಷ್ಟಕ್ಕೆ ತಡೆಯಬೇಕು ಎಂಬುದೆಲ್ಲ ಗುರುವಿನ ಎದುರು ಕುಳಿತು, ತಿದ್ದಿಸಿಕೊಂಡು ಕಲಿಯಬೇಕಾದ ವಿದ್ಯೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಕೊನೆಗೆ ಅವರು ತೀರಿಕೊಂಡರು. ಅಂಥವರ ಕಂಠದಲ್ಲಿದ್ದುದರಲ್ಲಿ ಶಿಷ್ಯರಿಗೆ ದಾಟಿದಷ್ಟು ಮಾತ್ರ ಉಳಿಯುತ್ತದೆ.

ನಮ್ಮ ಟ್ರಸ್ಟ್ ಈವರೆಗೆ ನವರಾತ್ರಿಯಲ್ಲಿ ಮಾತ್ರ ವಾಚನ ನಡೆಸುತ್ತ ಬಂದಿದೆ. ಒಂಬತ್ತು ಸಂಜೆಗಳಲ್ಲಿ ಒಂದು ದೊಡ್ಡ ಪರ್ವವೂ ಮುಗಿಯುವುದಿಲ್ಲ. ಕೇಳುಗರಿಗೆ ಕಥೆಯ ಹದ ಸಿಗುವ ಹೊತ್ತಿಗೆ ನಾವು ಪುಸ್ತಕ ಮುಚ್ಚಿರುತ್ತೇವೆ. ಆದ್ದರಿಂದ ಇನ್ನು ಮುಂದೆ ಪ್ರತಿ ಶನಿವಾರ ಸಂಜೆ ವಾಚನ ಮತ್ತು ವ್ಯಾಖ್ಯಾನವನ್ನೂ, ಭಾನುವಾರ ಬೆಳಿಗ್ಗೆ ಮಕ್ಕಳಿಗೂ ದೊಡ್ಡವರಿಗೂ ಉಚಿತ ಗಮಕ ಪಾಠವನ್ನೂ ನಡೆಸಲು ನಿರ್ಧರಿಸಿದ್ದೇವೆ. ಸಂಗ್ರಹವಾಗುವ ಹಣದ ಹೆಚ್ಚಿನ ಪಾಲು ಗಮಕಿಗಳ ಹಾಗೂ ವ್ಯಾಖ್ಯಾನಕಾರರ ಸಂಭಾವನೆಗೆ, ಪ್ರಯಾಣ ವೆಚ್ಚಕ್ಕೆ ಸಲ್ಲುತ್ತದೆ. ಇಷ್ಟು ವರ್ಷ ಅವರಿಗೆ ಶಾಲು ಹೊದಿಸಿ, ಹಾರ ಹಾಕಿ ಕಳುಹಿಸಿದ್ದೇ ಹೆಚ್ಚು. ಆ ಸಂಕೋಚ ನಮಗಿದೆ. ಉಳಿದದ್ದು ಪದ ಬಿಡಿಸಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸುವ ಪಾಠಪ್ರತಿಗಳಿಗೆ, ಇಂದಿಗೂ ನೆನಪಿನಿಂದಲೇ ಪದ್ಯ ಹೇಳಬಲ್ಲ ಹಿರಿಯರ ಧ್ವನಿಮುದ್ರಣಕ್ಕೆ. ಶ್ರುತಿಪೆಟ್ಟಿಗೆ ಹಳೆಯದಾದರೂ ಚೆನ್ನಾಗಿದೆ, ಹೊಸದು ಬೇಡ.

ಇಷ್ಟೇ ಕೊಡಬೇಕೆಂದು ನಾವು ಮೊತ್ತ ನಿಗದಿ ಮಾಡಿಲ್ಲ. ಅಗಲಿದ ಹಿರಿಯರ ನೆನಪಿಗೆ ಒಂದು ಸಂಜೆಯ ವಾಚನದ ಖರ್ಚನ್ನು ವಹಿಸಿಕೊಳ್ಳಲು ಇಚ್ಛಿಸುವವರು ದಿನಾಂಕವನ್ನು ಮುಂಚಿತವಾಗಿ ತಿಳಿಸಿದರೆ ಅನುಕೂಲ. ನಗದಾಗಿ ಕೊಟ್ಟ ದೇಣಿಗೆ 2000 ರೂಪಾಯಿಗೆ ಮೀರಿದರೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲವಾದ್ದರಿಂದ ಅಂಥ ಮೊತ್ತವನ್ನು ಚೆಕ್ ಅಥವಾ ಬ್ಯಾಂಕ್ ಮೂಲಕ ಸಲ್ಲಿಸಬೇಕಾಗಿ ಕೋರುತ್ತೇವೆ. ಪ್ರತಿಯೊಂದಕ್ಕೂ ರಸೀದಿ ಕೊಡಲಾಗುವುದು. ವರ್ಷದ ಜಮಾ ಖರ್ಚನ್ನು ಯುಗಾದಿಯಂದು ವಾಚನ ನಡೆಯುವ ಜಗಲಿಯಲ್ಲೇ ಎಲ್ಲರೆದುರು ಓದಿ ಹೇಳಲಾಗುವುದು.

ಹಣ ಕೊಡಲು ಆಗದವರಲ್ಲಿ ಮತ್ತೊಂದು ಕೋರಿಕೆಯಿದೆ. ಮನೆಯ ಅಟ್ಟದಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣಗಳ ಹಳೆಯ ಪ್ರತಿಗಳಿದ್ದರೆ, ಅವುಗಳ ಅಂಚಿನಲ್ಲಿ ಹಿಂದಿನವರು ರಾಗದ ಹೆಸರನ್ನೋ ಅರ್ಥವನ್ನೋ ಗುರುತು ಹಾಕಿಕೊಂಡಿದ್ದರಂತೂ, ದಯವಿಟ್ಟು ರದ್ದಿಗೆ ಹಾಕುವ ಮುನ್ನ ನಮಗೊಂದು ಮಾತು ತಿಳಿಸಿ. ನಕಲು ತೆಗೆದುಕೊಂಡು ಮೂಲಪ್ರತಿಯನ್ನು ನಿಮ್ಮ ಮನೆಗೇ ತಂದು ಒಪ್ಪಿಸುತ್ತೇವೆ.

ಇತಿ,
ಧರ್ಮದರ್ಶಿಗಳ ಪರವಾಗಿ,
ಕಾರ್ಯದರ್ಶಿ