ಮಲದಲ್ಲಿ ರಕ್ತ: ಉಷ್ಣ ಎಂದು ಸುಮ್ಮನಿರಬೇಡಿ

ಮಾನ್ಯರೇ,

ವಾರಗಟ್ಟಲೆ ಭೇದಿಯಾಗಿ ಮಲದಲ್ಲಿ ರಕ್ತ ಬಂದರೂ ‘ಉಷ್ಣ’, ‘ಮೂಲವ್ಯಾಧಿ’ ಎಂದುಕೊಂಡು ಸುಮ್ನೆ ಇದ್ದುಬಿಡುವವರು ನಮ್ಮ ರಾಯಚೂರು ಜಿಲ್ಲೆಯಲ್ಲಿ ಜಾಸ್ತಿ. ಇಲ್ಲಿಯ ಬಿಸಿಲಿಗೆ ಉಷ್ಣದ ಮಾತನ್ನು ಯಾರಾದರೂ ನಂಬುತ್ತಾರೆ, ಅಲ್ವಾ? ಆದರೆ ಅದು ಕರುಳಿನ ದೀರ್ಘಕಾಲದ ಉರಿಯೂತವೂ ಆಗಿರಬಹುದು. ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಇದರ ಎರಡು ಮುಖ್ಯ ಬಗೆಗಳು. ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ಕರುಳಿಗೇ ಹಾನಿ ಮಾಡುವ ಕಾಯಿಲೆ ಇದು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಹೆಚ್ಚಾಗಿ 15ರಿಂದ 35ರ ವಯಸ್ಸಿನಲ್ಲೇ ಶುರುವಾಗುತ್ತದೆ. ಕಾಲೇಜಿಗೆ ಹೋಗುವ, ಮದುವೆಗೆ ಬಂದ ಮಕ್ಕಳು ನಾಚಿಕೆಯಿಂದ ತಾಯಿಗೂ ಹೇಳುವುದಿಲ್ಲ. ತೂಕ ಇಳಿದು, ರಕ್ತ ಕಡಿಮೆಯಾದ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಇದು ನಿಜಕ್ಕೂ ಸಂಕಟದ ಸಂಗತಿ. ಕ್ರೋನ್ಸ್ ಲಕ್ಷಣಗಳು ಕರುಳಿನ ಕ್ಷಯವನ್ನೇ ಹೋಲುವುದರಿಂದ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ಕರುಳಿನ ಒಳಗೆ ನೋಡುವುದು), ಬಯಾಪ್ಸಿ (ಕರುಳಿನ ಸಣ್ಣ ಚೂರು ತೆಗೆದು ಪರೀಕ್ಷಿಸುವುದು) ಇಲ್ಲದೆ ಅಂದಾಜಿನ ಮೇಲೆ ಔಷಧಿ ಕೊಡುವುದು ಅಪಾಯ. ಪೂರ್ತಿ ವಾಸಿಯಾಗದಿದ್ದರೂ, ಔಷಧಿ ಬಿಡದೆ ತೆಗೆದುಕೊಂಡರೆ ಬಹಳಷ್ಟು ಜನ ಓದು, ಕೆಲಸ ನಡೆಸಿಕೊಂಡು ಹೋಗಬಹುದು.

ಆರೋಗ್ಯ ಇಲಾಖೆ ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೊಮ್ಮೆಯಾದರೂ ಕರುಳಿನ ತಜ್ಞರ ತಪಾಸಣೆ ಏರ್ಪಡಿಸಲಿ. ಮೇ 19ರ ವಿಶ್ವ ಕರುಳಿನ ಉರಿಯೂತ ದಿನದಂದು ಕಾಲೇಜುಗಳಲ್ಲಿ ಈ ಬಗ್ಗೆ ಮುಚ್ಚುಮರೆಯಿಲ್ಲದೆ ತಿಳಿಸಿಕೊಡಲಿ.

– ಒಬ್ಬ ಓದುಗ, ಸಿಂಧನೂರು